ವಿಮಾನದ ಬೆಲೆ ಬಿಡಿಸಿ ಹೇಳಿದ್ದು

ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವ ಶಕ್ತಿ ನನಗೆ ಹುಟ್ಟಿನಿಂದಲೇ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ಪಕ್ಕದವನನ್ನು ಕೇಳಿದರೂ ನಾನೇ ಎದ್ದು ನಿಲ್ಲುತ್ತಿದ್ದೆ. ಇದನ್ನು ಬುದ್ಧಿವಂತಿಕೆ ಎಂದುಕೊಂಡೇ ನಲವತ್ತು ದಾಟಿದೆ. ಇದೊಂದು ಕಾಯಿಲೆ ಎಂದು ತಿಳಿದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ದೋಹಾದಲ್ಲಿ.

ನಾನಲ್ಲಿ ಕಟ್ಟಡ ಕಂಪನಿಯೊಂದರ ಇನ್ಶೂರೆನ್ಸ್ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಹುಬ್ಬಳ್ಳಿಯ ಬಸವರಾಜ ಅದೇ ಕಂಪನಿಯ ಜನರೇಟರ್ ಮೆಕ್ಯಾನಿಕ್. ಅಲ್ ಹಿಲಾಲ್ ಬಡಾವಣೆಯಲ್ಲಿ ಇಬ್ಬರಿಗೂ ಒಂದೇ ಕೋಣೆ. ಆತ ವಾಯುಪಡೆಯಲ್ಲಿ ಹದಿನೈದು ವರ್ಷ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದವನು. ತಲೆಯ ಮೇಲೆ ವಿಮಾನ ಹಾದರೆ ಬಾಯಿಗೆ ಹೊರಟಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು. ಸದ್ದು ಕೇಳಿಯೇ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದ. ನನ್ನ ಕೆಮ್ಮಿನ ಬಗ್ಗೆ ಮಾತ್ರ ಎಂದೂ ವಿಚಾರಿಸಿದವನಲ್ಲ.

ನಮ್ಮ ಧಣಿಗೆ ನಾಲ್ಕು ಸೀಟಿನ ಸಣ್ಣ ವಿಮಾನವೊಂದನ್ನು ಕೊಳ್ಳುವ ಮನಸ್ಸಾಯಿತು. ಅದನ್ನು ನೋಡಿಕೊಳ್ಳುವವನು ಬಸವರಾಜನೇ ಎಂದೂ ಮಾತಾಯಿತು. ಆತ ಟ್ರಂಕಿನಿಂದ ಹಳೆಯ ಸರ್ಟಿಫಿಕೇಟುಗಳನ್ನು ತೆಗೆದು, ಮಡಿಕೆಗಳನ್ನು ಅಂಗೈಯಲ್ಲಿ ಸವರಿ ಸವರಿ ನೇರ ಮಾಡಿದ. ಅಮೆರಿಕದಿಂದ ಬೆಲೆಪಟ್ಟಿ ಬಂದ ದಿನ ಧಣಿ ನನ್ನನ್ನು ಕರೆಸಿದರು. ಇಂಥದೇ ವಿಮಾನವನ್ನು ಅವರ ಗೆಳೆಯರೊಬ್ಬರು ಹಿಂದೆ ಕೊಂಡಾಗ ಇದರ ಕಾಲುಭಾಗವೂ ಬಿದ್ದಿರಲಿಲ್ಲವಂತೆ. ಈಗೇಕೆ ಇಷ್ಟು ಎಂದು ಕೇಳಿದರು.

ನನಗೆ ಗೊತ್ತಿತ್ತು. ಅದೇ ಅನಾಹುತವಾಯಿತು. ಅಮೆರಿಕದಲ್ಲಿ ಮೂವತ್ತು ವರ್ಷ ಹಳೆಯ ವಿಮಾನ ಬಿದ್ದರೂ ಅದನ್ನು ತಯಾರಿಸಿದ ಕಂಪನಿಯ ಮೇಲೆ ಸತ್ತವರ ಮನೆಯವರು ದಾವೆ ಹೂಡುತ್ತಾರೆ. ಪರಿಹಾರಕ್ಕೆ, ವಕೀಲರಿಗೆ ಎಂದು ಕಂಪನಿ ವಿಮೆ ಮಾಡಿಸುತ್ತದೆ. ಆ ವಿಮೆಯ ಖರ್ಚನ್ನೆಲ್ಲ ಹೊಸ ವಿಮಾನಗಳ ಬೆಲೆಗೆ ಸೇರಿಸುತ್ತದೆ. ಬೆಲೆ ಏರಿದಷ್ಟೂ ಕೊಳ್ಳುವವರು ಕಡಿಮೆ, ಅವರು ಕಡಿಮೆಯಾದಷ್ಟೂ ಒಂದೊಂದು ವಿಮಾನದ ಮೇಲಿನ ಹೊರೆ ಹೆಚ್ಚು. ಇಷ್ಟನ್ನೂ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಧಣಿ ಮೆಚ್ಚಿ ಚಹಾ ತರಿಸಿದರು. ಯಾರೋ ಬಿದ್ದದ್ದಕ್ಕೆ ನಾನೇಕೆ ದುಡ್ಡು ಕೊಡಲಿ ಎಂದು ನಕ್ಕು, "ಖಲಾಸ್" ಎಂದು ಫೈಲು ಮುಚ್ಚಿದರು.

ಸಂಜೆ ಬಸವರಾಜನಿಗೆ ಎಲ್ಲ ತಿಳಿಸಿದೆ. ಆತ ಬೈಯಲಿಲ್ಲ. ಸರ್ಟಿಫಿಕೇಟುಗಳನ್ನು ಹಳೆಯ ಮಡಿಕೆಯಲ್ಲೇ ಮಡಚುತ್ತ, "ಗೊತ್ತಿಲ್ಲ ಅಂದಿದ್ರ ಆಗ್ತಿತ್ತಲ್ರೀ ರಾಯರ" ಎಂದ, ಅಷ್ಟೇ. ಆ ಮಾತು ಮುಳ್ಳಿನಂತೆ ಉಳಿಯಿತು. ಇನ್ನು ಯಾರ ಮುಂದೆಯೂ ನನ್ನ ತಿಳಿವಳಿಕೆ ಬಿಚ್ಚುವುದಿಲ್ಲ ಎಂದು ಶಪಥ ಮಾಡಿದೆ.

ಕೆಲವು ತಿಂಗಳ ಮೇಲೆ ಪತ್ರಿಕೆಯಲ್ಲಿ ಓದಿದೆ. ಬಹಳ ಹಳೆಯದಾದ ಸಣ್ಣ ವಿಮಾನಗಳ ವಿಷಯದಲ್ಲಿ ತಯಾರಕರ ಮೇಲೆ ದಾವೆ ಹೂಡುವಂತಿಲ್ಲ ಎಂದು ಅಮೆರಿಕದಲ್ಲಿ ಕಾಯ್ದೆ ಬಂದಿತ್ತು. ಕೆಲವು ಕಂಪನಿಗಳು ನಿಲ್ಲಿಸಿದ್ದ ತಯಾರಿಕೆ ಮತ್ತೆ ಶುರುವಾಗುವುದಿತ್ತು, ಬೆಲೆಯೂ ಇಳಿಯಬಹುದಿತ್ತು. ಅದೇ ವಾರ ಧಣಿ ವಿಮಾನದ ಬದಲು ದೋಣಿ ಕೊಳ್ಳುವ ಕಾಗದಪತ್ರ ನನ್ನಿಂದ ತರಿಸಿಕೊಂಡು ಕೂತರು. ಪೆನ್ನು ಹಿಡಿದು, ಹಾರುವ ಆಸೆ ಹಾಗೇ ಉಳಿಯಿತಲ್ಲ ಎಂದು ನನ್ನ ಮುಖ ನೋಡಿ ನಿಟ್ಟುಸಿರಿಟ್ಟರು. ನಾನು ತುಟಿ ಬಿಗಿದುಕೊಂಡೆ. ಅವರು ಸಹಿ ಹಾಕಿದರು.

ಕಡೆಗೂ ನನಗೆ ಸಂಯಮ ಬಂತೆಂದು ಹೆಮ್ಮೆಪಡುತ್ತ ಕೋಣೆಗೆ ಬಂದು, ಹೊಸ ಕಾಯ್ದೆಯನ್ನೂ ನಾನು ಸುಮ್ಮನಿದ್ದದ್ದನ್ನೂ ಬಸವರಾಜನಿಗೆ ಒಂದಕ್ಷರ ಬಿಡದೆ ವಿವರಿಸಿದೆ. ಆತ ತಟ್ಟೆ ಬದಿಗಿಟ್ಟು ಗೋಡೆಯ ಕಡೆ ತಿರುಗಿ ಕೂತ. ಪಾಪ, ಅವನಂತೂ ನನ್ನನ್ನು ಏನೂ ಕೇಳಿರಲಿಲ್ಲ.