ಕಿವಿಯಿಲ್ಲದ ಟಿವಿ

ಶಿರಾಳಕೊಪ್ಪದ ಬೀಜ-ಗೊಬ್ಬರದ ವ್ಯಾಪಾರಿ ಉಜ್ಜಪ್ಪನವರ ಮನೆಗೆ ಬಂದ ಹೊಸ ಕಲರ್ ಟಿವಿಗೆ ಕಿವಿಗಳೇ ಇರಲಿಲ್ಲ. ಹಳೆಯ ಕಪ್ಪು-ಬಿಳುಪಿನದಕ್ಕೆ ಬಲಗಡೆ ಎರಡು ದಪ್ಪ ಗುಂಡಿಗಳಿದ್ದವು. ಮೇಲಿನದನ್ನು ತಿರುಚಿದರೆ ಚಿತ್ರ, ಕೆಳಗಿನದನ್ನು ತಿರುಚಿದರೆ ದನಿ. ಕೇಳದಿದ್ದರೆ ನೆತ್ತಿಯ ಮೇಲೆ ಒಂದು ಗುದ್ದು. ಇದರ ಮುಖವೋ ಬೋಳು ಬೋಳು. ಕೆಳಗೆ ಒಂದೇ ಒಂದು ಗುಂಡಿ. ಅದನ್ನು ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು, ಅಷ್ಟೆ. ಮಿಕ್ಕ ಕಾರುಬಾರೆಲ್ಲ ರಿಮೋಟಿನದು.

ಉಜ್ಜಪ್ಪನವರಿಗೆ ಮೊದಲ ದಿನವೇ ಅನುಮಾನ ಬಂದಿತ್ತು. ಅನುಮಾನ ಅವರಿಗೆ ಹೊಸದಲ್ಲ. ಅಂಗಡಿಗೆ ಬಂದವರು ಚೌಕಾಸಿ ಮಾಡಿದರೂ ಅನುಮಾನ, ಮಾಡದಿದ್ದರೆ ಇನ್ನೂ ದೊಡ್ಡ ಅನುಮಾನ. "ಮನೆಯಾಗಿರೋ ಟಿವಿ ಹತ್ತಿಸಾಕೆ ಇನ್ನೊಂದು ಸಾಮಾನು ಕೈಯಾಗಿರ್ಬೇಕು ಅಂದ್ರೆ, ಕಂಪನಿಯವ್ರು ನಮ್ಮ ಜುಟ್ಟು ಹಿಡ್ಕಂಡಾರೆ ಅಂತ ಅರ್ಥ" ಎಂದು ಹೆಂಡತಿಗೆ ಹೇಳಿದ್ದರು.

"ಹಿಡ್ಕಳಾಕೆ ನಿಮಗೆ ಜುಟ್ಟೆಲ್ಲೈತ್ರಿ?" ಎಂದು ರಾಜೇಶ್ವರಮ್ಮ ಆ ಮಾತನ್ನು ಅಲ್ಲಿಗೇ ಮುಗಿಸಿದ್ದರು.

ಟಿವಿ ಬಂದದ್ದೇ ರಾಜೇಶ್ವರಮ್ಮನಿಗಾಗಿ. ಊರಿನ ಅಕ್ಕನ ಬಳಗದವರು ಬೆಂಗಳೂರಿಗೆ ಹೋಗಿ ದೂರದರ್ಶನಕ್ಕೆ ವಚನ ಹಾಡಿ ಬಂದಿದ್ದರು. ಹನ್ನೆರಡು ಜನರ ಗುಂಪಿನಲ್ಲಿ ಒಂದು ಸಾಲನ್ನು ಒಬ್ಬರೇ ಹಾಡುವ ಭಾಗ್ಯ ರಾಜೇಶ್ವರಮ್ಮನದು. ಅದಕ್ಕೆಂದೇ ಗಿಣಿಹಸಿರು ಬಣ್ಣದ, ಕೆಂಪು ಅಂಚಿನ ಇಳಕಲ್ ಸೀರೆ ಉಟ್ಟಿದ್ದರು. ಆಯುಧಪೂಜೆಯ ದಿನ ಸಂಜೆ ಆರಕ್ಕೆ ಪ್ರಸಾರ ಎಂದು ಕಾಗದ ಬಂತು. ಆ ಹಸಿರು ಹಸಿರಾಗಿಯೇ ಕಾಣಬೇಕು ಎಂದು ಹಟ ಹಿಡಿದು ಅವರು ಹಬ್ಬಕ್ಕೆ ಇಪ್ಪತ್ತು ದಿನ ಮೊದಲೇ ಕಲರ್ ಟಿವಿ ತರಿಸಿದರು. ಹಳೆಯದು ಎದುರುಮನೆಯ ಗುತ್ಯಪ್ಪನ ಪಾಲಾಯಿತು. ಗುತ್ಯಪ್ಪ ಚಂದ್ರಗುತ್ತಿ ಕಡೆಯವನು, ಬಸ್ ಕಂಡಕ್ಟರ್, ಯಾವಾಗಲೂ ನಗುತ್ತಿರುವ ಆಸಾಮಿ. ಆ ನಗುವಿನ ಮೇಲೂ ಉಜ್ಜಪ್ಪನವರಿಗೆ ಅನುಮಾನವಿತ್ತು.

ಆಯುಧಪೂಜೆಯ ಬೆಳಗ್ಗೆ ಉಜ್ಜಪ್ಪ ಅಂಗಡಿಯ ತಕ್ಕಡಿಗೆ ಪೂಜೆ ಮುಗಿಸಿ ಮನೆಗೆ ಬಂದು ಸ್ಕೂಟರ್, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ವಿಭೂತಿ ಹಚ್ಚಿ ಹೂ ಏರಿಸಿದರು. ಕೊನೆಗೆ ಟಿವಿಯ ಸರದಿ. "ಗಾಜಿಗೆ ಹಚ್ಚಬ್ಯಾಡ್ರಿ, ನನ್ನ ಮುಖದ ಮ್ಯಾಲೆ ಕಲೆ ಕಾಣತೈತೆ" ಎಂದು ರಾಜೇಶ್ವರಮ್ಮ ಅಡುಗೆಮನೆಯಿಂದಲೇ ಕೂಗಿದರು. ಉಜ್ಜಪ್ಪ ಗಾಜನ್ನು ಬಿಟ್ಟು ಕೆಳಗಿನ ಚೌಕಟ್ಟಿಗೆ ನೀರಲ್ಲಿ ಕಲಸಿದ ವಿಭೂತಿಯನ್ನು ಧಾರಾಳವಾಗಿ ಬಳಿದು, ನಡುವೆ ಕಾಸಗಲ ಕುಂಕುಮವಿಟ್ಟು ಕೈಮುಗಿದರು.

"ಇಡೀ ಓಣಿಗೆ ಹೇಳಿ ಬಂದಿಯಂತಲ್ಲ" ಎಂದು ಆಮೇಲೆ ಗೊಣಗಿದರು. "ಹೊಸ ಜಮಖಾನ ಹಾಕೀನಿ. ಎಲ್ರಿಗೂ ಕಾಲು ತೊಳ್ಕಂಡು ಬರಾಕೆ ಹೇಳು. ಮಂಡಕ್ಕಿ ತಿಂದ ಕೈ ಟಿವಿಗೆ ಒರೆಸಿದ್ರೆ ನಾ ಸುಮ್ನಿರಲ್ಲ."

ಹೂವು ಕೊಡಲು ಬಂದಿದ್ದ ಪಕ್ಕದ ಮನೆಯ ಲೋಕಮ್ಮ ಈ ಮಾತನ್ನು ಕೇಳಿಸಿಕೊಂಡರು. ಲೋಕಮ್ಮನ ಕಿವಿಗೆ ಬಿದ್ದದ್ದು ಓಣಿಯ ಕಿವಿಗೆ ಬಿದ್ದಂತೆಯೇ.

ಹತ್ತು ಗಂಟೆಗೆ ಒಮ್ಮೆ ನೋಡಿಬಿಡೋಣವೆಂದು ಉಜ್ಜಪ್ಪ ಟಿವಿ ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು. ರಿಮೋಟ್ ಒತ್ತಿದರು. ಏನೂ ಇಲ್ಲ. ಎದ್ದು ನಿಂತು ಒತ್ತಿದರು, ಹತ್ತಿರ ಹೋಗಿ ಒತ್ತಿದರು, ಬಂದೂಕಿನ ಹಾಗೆ ಗುರಿಯಿಟ್ಟು ಒತ್ತಿದರು. ಟಿವಿ ಕೆಂಪು ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿತ್ತು.

ಲೋಕಮ್ಮ ಹೋದವರು ಮತ್ತೆ ಬಂದರು. "ಸೆಲ್ಲು ತಣ್ಣಗಾಗಿರ್ತಾವೆ. ನಮ್ಮನಿ ರೇಡಿಯೋದ್ದನ್ನ ನಾವು ಬಿಸಲಿಗೆ ಇಡ್ತೀವಿ. ಹಪ್ಪಳದ ಜೋಡಿ ಇಡ್ರಿ."

ಸೆಲ್ಲುಗಳು ಅರ್ಧ ಗಂಟೆ ಹಪ್ಪಳದ ಪಕ್ಕದಲ್ಲಿ ಒಣಗಿದವು. ಪ್ರಯೋಜನವಾಗಲಿಲ್ಲ. ಹೊಸ ಸೆಲ್ಲು ತಂದು ಹಾಕಿದರೂ ಟಿವಿ ಜಪ್ಪಯ್ಯ ಅನ್ನಲಿಲ್ಲ.

ಆಗ ಉಜ್ಜಪ್ಪನವರಿಗೆ ಫಕ್ಕನೆ ನೆನಪಾಯಿತು. ನಿನ್ನೆ ಸಂಜೆ ಗುತ್ಯಪ್ಪ ಬಂದು, "ಎಷ್ಟು ಹಗುರ ಇದೆ ಮಾರಾಯ್ರೆ!" ಎಂದು ರಿಮೋಟನ್ನು ಕೈಯಲ್ಲಿ ತೂಗಿ ನೋಡಿದ್ದ. ತೂಗಿ ನೋಡುವವನು ಏನನ್ನಾದರೂ ಮಾಡದೆ ಬಿಡುತ್ತಾನೆಯೇ? ನೆಟ್ಟಗೆ ಎದುರುಮನೆಗೆ ಹೋದರು.

"ನಿನ್ನೆ ನೀನು ಯಾವ ಗುಂಡಿ ಒತ್ತಿದೆ?"

"ನಾನಾ? ಒಂದೂ ಒತ್ತಿಲ್ಲ ಮಾರಾಯ್ರೆ. ಟಿಕೆಟ್ ಮಶೀನೇ ಬ್ಯಾಡ ಅಂತ ತೂತು ಹೊಡೆಯೋ ಕತ್ತರಿ ಇಟ್ಕಂಡವ ನಾನು. ಯಾಕೆ, ಹಾಳಾಯ್ತಾ?" ಗುತ್ಯಪ್ಪ ನಕ್ಕ. "ಹೆದರಬೇಡಿ. ನಿಮ್ಮ ಹಳೇದು ನಮ್ಮಲ್ಲಿ ಗಟ್ಟಿಮುಟ್ಟಾಗಿದೆ. ಕಿವಿ ತಿರುಚಿದ್ರೆ ಸಾಕು, ಬಡ್ಕಳತ್ತೆ."

ಆ ಮಾತು ಉಜ್ಜಪ್ಪನವರ ಎದೆಗೆ ಚುಚ್ಚಿತು. ತನ್ನ ಮನೆಯಲ್ಲಿ ಓಣಿ ಸೇರಲೆಂದೇ ಇವನು ಏನೋ ಮಾಡಿದ್ದಾನೆ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡು, ಬಸ್‌ಸ್ಟ್ಯಾಂಡ್ ಹತ್ತಿರ ರೇಡಿಯೋ ರಿಪೇರಿ ಅಂಗಡಿಯಿಟ್ಟಿದ್ದ ಮಲ್ಲಿಕಾರ್ಜುನನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು.

ಮಲ್ಲಿಕಾರ್ಜುನ ಟಿವಿಯ ಬೆನ್ನಿನ ಕಡೆ ಕೂತು ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ತೆಗೆದ. ಚಪ್ಪಟೆಯದು ಕೂರಲಿಲ್ಲ. ನಕ್ಷತ್ರದ್ದು ಕೂರಲಿಲ್ಲ. ಟಾರ್ಚ್ ಬಿಟ್ಟು ನೋಡಿ ಹಣೆ ಬಡಿದುಕೊಂಡ.

"ಮೂರು ಮೂಲೆ ಸ್ಕ್ರೂ ಹಾಕ್ಯಾರೆ ಸಾರ್. ಇದಕ್ಕೆ ಡ್ರೈವರ್ ಕಂಪನಿಯವ್ರ ಹತ್ರ ಮಾತ್ರ ಇರತೈತೆ. ನಮ್ಮಂಥವ್ರು ಕೈ ಹಾಕಬಾರ್ದು ಅಂತಾನೇ ಮಾಡಿರೋದು. ನೋಡ್ರಿ, ಮ್ಯಾಲೆ ಚೀಟಿ ಅಂಟಿಸ್ಯಾರೆ. ಇದು ಹರಿದ್ರೆ ಗ್ಯಾರಂಟಿ ಹೋತು."

"ನನ್ನ ಮನಿ ಬಾಗ್ಲಿಗೆ ಅವ್ರ ಬೀಗ ಹಾಕಿದಂಗಾತು" ಎಂದರು ಉಜ್ಜಪ್ಪ. ಕಂಪನಿಯ ಮೇಲೆ ಕೋಪ ಬಂದರೂ, ಮಲ್ಲಿಕಾರ್ಜುನ ಟಿವಿಯ ಹಿಂದೆ ಅಷ್ಟು ಹೊತ್ತು ಏನು ಮಾಡುತ್ತಿದ್ದ ಎಂಬ ಅನುಮಾನ ಮಾತ್ರ ಹೋಗಲಿಲ್ಲ. ಅವನು ಹೊರಡುವಾಗ ಅವನ ಚೀಲದ ಕಡೆ ಎರಡು ಸಲ ನೋಡಿದರು.

ಮಧ್ಯಾಹ್ನದ ಹೋಳಿಗೆಯನ್ನೂ ಬಿಟ್ಟು, ರಿಮೋಟನ್ನು ಟವೆಲಿನಲ್ಲಿ ಸುತ್ತಿ ಶಿಕಾರಿಪುರಕ್ಕೆ ಸ್ಕೂಟರ್ ಬಿಟ್ಟರು. ಟಿವಿ ಮಾರಿದ ಈಶ್ವರ್‌ನ ಅಂಗಡಿ ತೆರೆದಿತ್ತು. ಪೂಜೆಗೆ ಇನ್ನೂ ಕುಂಬಳಕಾಯಿ ಬಂದಿರಲಿಲ್ಲ. ಅದಕ್ಕಾಗಿ ಕಾಯುತ್ತಾ ಕೂತಿದ್ದ ಈಶ್ವರ್ ರಿಮೋಟನ್ನು ಕೈಗೆ ತೆಗೆದುಕೊಂಡು, ಅಂಗಡಿಯಲ್ಲಿದ್ದ ಅದೇ ಮಾದರಿಯ ಟಿವಿಯ ಕಡೆ ತೋರಿಸಿ ಒತ್ತಿದ. ಟಿವಿ ಥಟ್ಟನೆ ಹತ್ತಿ ಹಾಡತೊಡಗಿತು.

ಉಜ್ಜಪ್ಪ ತಾವೇ ಕಸಿದುಕೊಂಡು ಒತ್ತಿದರು. ಆರಿತು. ಮತ್ತೆ ಒತ್ತಿದರು. ಹತ್ತಿತು.

"ರಿಮೋಟ್ ಫಸ್ಟ್ ಕ್ಲಾಸ್ ಐತಲ್ರಿ" ಎಂದ ಈಶ್ವರ್.

"ನಿಮ್ಮ ಮುಂದೆ ಹತ್ತತೈತೆ, ನಮ್ಮ ಮುಂದೆ ಹತ್ತಲ್ಲ. ಇದಕ್ಕೇನು ಹೇಳಿಕೊಟ್ಟೀರಿ?"

"ಏನ್ರೀ, ಅದೇನು ಗಿಣೀನಾ ಹೇಳಿಕೊಡಾಕೆ? ಸೆಟ್ಟಿನಾಗೆ ತೊಂದ್ರೆ ಇರ್ಬೇಕು. ಹಬ್ಬ ಮುಗಿದ ಮ್ಯಾಲೆ ಶಿವಮೊಗ್ಗದಿಂದ ಇಂಜಿನಿಯರ್ ಬರ್ತಾರೆ."

"ಸಂಜೆ ಆರಕ್ಕೆ ನನ್ನ ಹೆಂಡ್ತಿ ಬರ್ತಾಳ್ರಿ ಟಿವಿನಾಗೆ! ಅದಿರ್ಲಿ, ಟಿವಿಗೆ ನಾಕು ಗುಂಡಿ ಇಡಾಕೆ ಏನಾಗಿತ್ತು ನಿಮ್ಮ ಕಂಪನಿಗೆ?"

"ಮಾಡ್ರನ್ ಡಿಸೈನ್ ರೀ. ಮುಖ ನೀಟಾಗಿ ಕಾಣ್ಲಿ ಅಂತ ತೆಗೆದಾರೆ."

"ಮುಖ ನೀಟಾಗಿ ಕಾಣ್ಲಿ ಅಂತ ಮೂಗು ಕೊಯ್ತಾರೇನ್ರೀ?"

ಈಶ್ವರ್ ಉತ್ತರ ಕೊಡುವ ಮೊದಲು ಕುಂಬಳಕಾಯಿ ಬಂತು.

ದಾರಿಯುದ್ದಕ್ಕೂ ಉಜ್ಜಪ್ಪ ಲೆಕ್ಕ ಹಾಕಿದರು. ರಿಮೋಟ್ ಸರಿಯಿದೆ, ಸೆಲ್ಲು ಸರಿಯಿದೆ. ಅಂದರೆ ಕಂಪನಿಯವರು ಇಪ್ಪತ್ತು ದಿನಕ್ಕೆ ಕೆಡುವ ಹಾಗೆಯೇ ಮಾಡಿ ಕಳಿಸಿರಬೇಕು. ಅಥವಾ ಈಶ್ವರ್ ಟವೆಲಿನೊಳಗೇ ರಿಮೋಟನ್ನು ಬದಲಾಯಿಸಿರಬೇಕು. ಅಂಬಾರಗೊಪ್ಪದ ಹತ್ತಿರ ಸ್ಕೂಟರ್ ನಿಲ್ಲಿಸಿ ಟವೆಲ್ ಬಿಚ್ಚಿ ರಿಮೋಟನ್ನು ನೋಡಿದರು. ಬೆನ್ನ ಮೇಲೆ ತಾವೇ ಮೊಳೆಯಿಂದ ಗೀಚಿದ್ದ 'ಉ' ಹಾಗೇ ಇತ್ತು.

ಐದೂವರೆಗೆಲ್ಲ ಹೊಸ ಜಮಖಾನದ ಮೇಲೆ ಓಣಿಯೇ ಬಂದು ಕೂತಿತ್ತು. ಲೋಕಮ್ಮ ಎಲ್ಲರ ಕಾಲನ್ನೂ ತಾವೇ ನಿಂತು ತೊಳೆಸಿದ್ದರು. ರಾಜೇಶ್ವರಮ್ಮ ಅದೇ ಗಿಣಿಹಸಿರು ಸೀರೆ ಉಟ್ಟು, ತಲೆತುಂಬ ಸೇವಂತಿಗೆ ಮುಡಿದು, ತಟ್ಟೆಯಲ್ಲಿ ಮಂಡಕ್ಕಿ ಹಂಚುತ್ತಿದ್ದರು. ಹಂಚುತ್ತಲೇ ಗಂಡನ ಮುಖವನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಉಜ್ಜಪ್ಪ ಒತ್ತುತ್ತಲೇ ಇದ್ದರು. ಕೆಂಪು ದೀಪ ಉರಿಯುತ್ತಲೇ ಇತ್ತು.

ಆರಕ್ಕೆ ಐದು ನಿಮಿಷವಿರುವಾಗ ಗುತ್ಯಪ್ಪ ಎದ್ದು ನಿಂತ. "ರಾಜಕ್ಕಾ, ಸುಮ್ನೆ ಹೊತ್ತು ಹೋಗತ್ತೆ. ನಮ್ಮನೆಗೆ ಬನ್ನಿ. ಬಣ್ಣ ಇಲ್ಲದಿದ್ರೂ ನೀವು ಕಾಣ್ತೀರಿ."

ಓಣಿ ಎದ್ದು ಹೊರಟಿತು. ರಾಜೇಶ್ವರಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು, "ನೀವೂ ಬರ್ರಿ" ಎಂದರು. ಕಣ್ಣಲ್ಲಿ ನೀರು ತುಂಬಿತ್ತು.

"ನೀ ಹೋಗು. ಅವ ಇದಕ್ಕೇ ಕಾದಿದ್ದ" ಎಂದರು ಉಜ್ಜಪ್ಪ. ಹಾಗೆಂದ ಮರುಕ್ಷಣವೇ ಅವರಿಗೆ ತಮ್ಮ ಮೇಲೇ ಬೇಜಾರಾಯಿತು. ಆದರೆ ಬಾಯಿಂದ ಹೋದ ಮಾತಿಗೆ ರಿಮೋಟ್ ಇರುವುದಿಲ್ಲವಲ್ಲ.

ಖಾಲಿ ಜಮಖಾನದ ಮೇಲೆ ಒಬ್ಬರೇ ಕೂತರು. ಟಿವಿಯ ಜೊತೆ ಬಂದಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಅದರಲ್ಲಿ ಹನ್ನೊಂದು ಭಾಷೆಗಳಿದ್ದವು, ಕನ್ನಡವೊಂದನ್ನು ಬಿಟ್ಟು. ಬೇರೆ ಕೆಲಸವಿಲ್ಲದೆ ಬರೀ ಚಿತ್ರಗಳನ್ನು ನೋಡುತ್ತಾ ಹೋದರು. ಒಂದು ಚಿತ್ರದಲ್ಲಿ ರಿಮೋಟಿನಿಂದ ಬಾಣವೊಂದು ಹೊರಟು ಟಿವಿಯ ಕೆಳಗಿನ ಚೌಕಟ್ಟಿನ ನಡುವೆ, ಒಂದು ಸಣ್ಣ ಕಪ್ಪು ಗಾಜಿನ ಕಿಂಡಿಗೆ ನೆಟ್ಟಿತ್ತು. ಆ ಕಿಂಡಿ ತಮ್ಮ ಟಿವಿಯಲ್ಲಿ ಎಲ್ಲಿದೆ ಎಂದು ಹುಡುಕಿದರು. ಅದಿರಬೇಕಾದ ಜಾಗದಲ್ಲಿ ಬೆಳಗ್ಗೆ ತಾವೇ ಬಳಿದ ವಿಭೂತಿ ಒಣಗಿ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು. ನಡುವೆ ಕಾಸಗಲದ ಕುಂಕುಮ.

"ಶಿವನೇ, ತಪ್ಪಾತು" ಎಂದು ಕೈಮುಗಿದು, ಪಂಚೆಯ ತುದಿಗೆ ಎಂಜಲು ಹಚ್ಚಿ ತಿಕ್ಕಿ ತೆಗೆದು ರಿಮೋಟ್ ಒತ್ತಿದರು.

ಟಿವಿ ತುಂಬ ಗಿಣಿಹಸಿರು! ರಾಜೇಶ್ವರಮ್ಮ ಕಣ್ಣು ಮುಚ್ಚಿ ತಮ್ಮ ಒಂಟಿ ಸಾಲನ್ನು ಹಾಡುತ್ತಿದ್ದರು. ಮೂವತ್ತು ವರ್ಷ ಜೊತೆಗಿದ್ದರೂ ಈ ಮುಖವನ್ನು ಇಷ್ಟು ನೆಟ್ಟಗೆ ನೋಡಿರಲಿಲ್ಲ ಅನಿಸಿತು ಉಜ್ಜಪ್ಪನವರಿಗೆ. "ರಾಜೀ! ಬಾರೇ! ಹತ್ತಿತು!" ಎಂದು ಕೂಗಿದರು. ಎದುರುಮನೆಗೆ ಕೇಳಲೆಂದು ದನಿಯನ್ನು ಪೂರಾ ಏರಿಸಿದರು. ಆದರೆ ರಾಜಕ್ಕ ಒಬ್ಬರೇ ಹಾಡುವಾಗ ನಡುವೆ ಎದ್ದು ಬರುವವರು ಯಾರು? ಬಂದದ್ದು ಎಲ್ಲ ಮುಗಿದ ಮೇಲೆ.

ಬಾಗಿಲಲ್ಲಿ ಓಣಿ ಬಂದು ನಿಂತಿತು. ಒಳಗೆ ಸ್ವಚ್ಛವಾದ ಜಮಖಾನ, ಅದರ ನಡುವೆ ಉಜ್ಜಪ್ಪ, ಎದುರಿಗೆ ಬಣ್ಣಬಣ್ಣವಾಗಿ ಹಾಡುತ್ತಿರುವ ಟಿವಿ.

"ಬೆಳಿಗ್ಗೇನೇ ಅಂದಿದ್ರು, ನಾ ಕೇಳೀನಿ" ಎಂದರು ಲೋಕಮ್ಮ, ಎಲ್ಲರಿಗೂ ಕೇಳುವಂತೆ. "ಜಮಖಾನ ಹೊಲಸಾಗತೈತೆ ಅಂತ ಚಿಂತಿ ಮಾಡ್ತಿದ್ರು. ಈಗ ನೋಡ್ರಿ, ನಾವು ಹೋದ್ವಿ, ಟಿವಿ ಬಂತು."

"ಹಂಗಲ್ಲ!" ಉಜ್ಜಪ್ಪ ಎದ್ದು ನಿಂತರು. "ಇಲ್ಲೊಂದು ಕಿಂಡಿ ಐತೆ. ಅದಕ್ಕೆ ವಿಭೂತಿ ಹಚ್ಚಿದ್ದೆ. ಅದಕ್ಕೇ ಹತ್ತಿರಲಿಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತಮ್ಮ ತಪ್ಪು ಮುಚ್ಚಾಕೆ ಶಿವನ ಮ್ಯಾಲೆ ಹಾಕ್ತಾರಲ್ಲೇ ಯವ್ವಾ" ಎಂದು ಲೋಕಮ್ಮ ಕೆನ್ನೆ ಬಡಿದುಕೊಂಡರು.

"ನಂಬಲ್ವಾ? ನೋಡ್ರಿ, ತೋರಿಸ್ತೀನಿ!" ಉಜ್ಜಪ್ಪ ಪೂಜೆಯ ತಟ್ಟೆಗೆ ಕೈ ಹಾಕಿದರು. ಕಲಸಿದ ವಿಭೂತಿ ಮುಗಿದಿತ್ತು. ಒಣ ಪುಡಿಯನ್ನೇ ಮೂರು ಬೆರಳಲ್ಲಿ ಅದ್ದಿ, ಕಿಂಡಿಯ ಮೇಲೆ ಅವಸರದಲ್ಲಿ ಎಳೆದು, ಅದು ಉದುರಿದ್ದನ್ನು ಗಮನಿಸದೆ ಎರಡು ಹೆಜ್ಜೆ ಹಿಂದೆ ಸರಿದು, ಓಣಿಯ ಕಡೆ ಗೆದ್ದವರಂತೆ ನೋಡಿ ರಿಮೋಟ್ ಒತ್ತಿದರು.

ಟಿವಿ ಆರಿತು.

ಮತ್ತೆ ಒತ್ತಿದರು. ಹತ್ತಿತು. ಬೆಳಗಿನಿಂದ ಅದು ಇಷ್ಟು ವಿಧೇಯವಾಗಿ ಮಾತು ಕೇಳಿರಲೇ ಇಲ್ಲ.

ಗುತ್ಯಪ್ಪ ನಗಲಿಲ್ಲ. ಜೀವನದಲ್ಲಿ ಮೊದಲ ಸಲ ಅವನು ಉಜ್ಜಪ್ಪನವರನ್ನು ಅನುಮಾನದಿಂದ ನೋಡಿದ. "ಹೋಗ್ಲಿ ಬಿಡಿ ಮಾರಾಯ್ರೆ. ಬರಬೇಡಿ ಅಂದಿದ್ರೆ ನಾವು ಬರ್ತಿರ್ಲಿಲ್ಲ" ಎಂದು ಹೊರಟ. ಓಣಿ ಅವನ ಹಿಂದೆ ಹೋಯಿತು.

ರಾಜೇಶ್ವರಮ್ಮ ಮಾತ್ರ ಉಳಿದರು. ಉಟ್ಟ ಸೀರೆಯ ಸೆರಗನ್ನು ಒಮ್ಮೆ ನೋಡಿಕೊಂಡರು.

"ಅಲ್ಲಿ ನಾನು ಬೂದಿ ಬಣ್ಣದಾಗೆ ಕಂಡೆ" ಎಂದರು ಮೆಲ್ಲಗೆ. "ಇಲ್ಲಿ ಹಸಿರು ಚಲೋ ಕಂಡಿತಾ? ನೀವೊಬ್ರೇ ನೋಡಿದ್ರಲ್ಲ."

"ಚಲೋ ಕಂಡಿತು" ಎಂದುಬಿಟ್ಟರು ಉಜ್ಜಪ್ಪ. ಇಡೀ ದಿನದಲ್ಲಿ ಅವರು ಹಿಂದುಮುಂದು ನೋಡದೆ ಆಡಿದ ಮಾತು ಅದೊಂದೇ. ಹೆಂಡತಿಯ ಕಿವಿಗೆ ಅದೇ ತಪ್ಪೊಪ್ಪಿಗೆಯಾಯಿತು.

ರಾಜೇಶ್ವರಮ್ಮ ಅವರ ಕೈಯಿಂದ ರಿಮೋಟ್ ತೆಗೆದುಕೊಂಡು, ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅದು ಎಂದು ಹೊರಗೆ ಬರುತ್ತದೆ ಎಂದು ಕೇಳುವ ಧೈರ್ಯ ಉಜ್ಜಪ್ಪನವರಿಗೆ ಇವತ್ತಿಗೂ ಬಂದಿಲ್ಲ. ಸಂಜೆ ವಾರ್ತೆಯ ಹೊತ್ತಿಗೆ ಅವರು ಎದುರುಮನೆಗೆ ಹೋಗುತ್ತಾರೆ. ಬಾಗಿಲಲ್ಲಿ ಲೋಕಮ್ಮ ಕಾದಿರುತ್ತಾರೆ.

"ಕಾಲು ತೊಳ್ಕಂಡು ಬರ್ರಿ" ಎನ್ನುತ್ತಾರೆ.