ಹೊಸ ಚಕ್ರವೋ, ನರಸೀಪುರವೋ

ಯಂತ್ರದ ಹತ್ತಿರ ಕೆಲಸ ಮಾಡುವವನಿಗೆ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಆಗುವಾಗ ಮಾತ್ರ ನಗು ಬರುವುದಿಲ್ಲ. ಇದು ಮಹಾರಾಜರ ಕಾಲದ ಮಾತು. ನಂಜನಗೂಡಿಗೆ ಉಗಿ ಎಂಜಿನ್ನಿನ ಮರ ಕೊಯ್ಯುವ ಮಿಲ್ಲು ಹೊಸದಾಗಿ ಬಂದಿತ್ತು. ನಾನು ಅಲ್ಲಿ ಗರಗಸದ ಆಳು. ಗುಂಡಗೆ ತಿರುಗುವ ಆ ಗರಗಸವನ್ನು ನಾವೆಲ್ಲ ಚಕ್ರ ಎಂದೇ ಕರೆಯುತ್ತಿದ್ದೆವು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೆಂಡತಿ ನರಸೀಪುರದ ತವರಿನಲ್ಲಿ, ನಾನು ಮಿಲ್ಲಿನ ಹಿಂದಿನ ಷೆಡ್ಡಿನಲ್ಲಿ ಎಂಜಿನ್ ಡ್ರೈವರನ ಜೊತೆ. ನಡುವೆ ಒಂದು ಹಗಲಿನ ಗಾಡಿ ದಾರಿ.

೧. ಸುಟ್ಟ ವಾಸನೆ

ಚಕ್ರ ಮೊಂಡಾದರೆ ತಾನಾಗಿ ಗೊತ್ತಾಗುತ್ತದೆ. ಹಲಗೆಯ ಮೈ ಕಪ್ಪಗಾಗುತ್ತದೆ, ಹೊಗೆ ಏಳುತ್ತದೆ, ಎಂಜಿನ್ನು ಏದುಸಿರು ಬಿಡುತ್ತದೆ. ಮಾಮೂಲಿ ಮೊಂಡಿಗೆ ನಾನೇ ಅರ ಹಾಕಿ ಹಲ್ಲು ಚೂಪು ಮಾಡುತ್ತಿದ್ದೆ. ಒಂದು ದಿನ ಹುಣಸೆ ದಿಮ್ಮಿಯೊಳಗಿದ್ದ ಮೊಳೆಗೆ ತಾಗಿ ಆರು ಹಲ್ಲು ಮುರಿದವು. ಚಕ್ರದ ತಗಡೂ ಕಾದು ಸೊಟ್ಟಗಾಯಿತು.

ಮ್ಯಾನೇಜರು ನೋಡಿ, "ಇದರ ಕಥೆ ಮುಗೀತು. ಮದರಾಸಿಗೆ ಬರೆದು ಹೊಸದು ತರಿಸೋಣ" ಎಂದರು.

ನನ್ನ ಮಾವ ನರಸೀಪುರದಲ್ಲಿ ಕುಲುಮೆ ಇಟ್ಟಿದ್ದರು. ಆ ಗಳಿಗೆಯಲ್ಲೇ ಅದು ಹೇಗೆ ನೆನಪಾಯಿತೋ.

"ಹೊಸದು ಯಾಕೆ ಸ್ವಾಮಿ? ತಗಡು ಗಟ್ಟಿಯಾಗೇ ಇದೆ. ಬಡಿಸಿ ಸಮ ಮಾಡಿ, ಹಲ್ಲು ಹೊಸದಾಗಿ ತೆಗೆಸಿದರೆ ಇನ್ನೂ ಬಾಳುತ್ತೆ. ನರಸೀಪುರದಲ್ಲಿ ಒಬ್ಬ ಕೆಲಸಗಾರರಿದ್ದಾರೆ."

"ಯಾಕಯ್ಯ, ಈ ಊರಲ್ಲಿ ಕಮ್ಮಾರರಿಲ್ವೆ?"

"ಇದ್ದಾರೆ ಸ್ವಾಮಿ. ಗುದ್ದಲಿ ಬಡಿಯೋವ್ರು."

ಮಿಲ್ಲಿನ ಸಾಮಾನಿನ ಮೇಲೆ ಇಷ್ಟು ಪ್ರೀತಿ ಇರುವ ಆಳನ್ನು ತಾವು ಕಂಡೇ ಇಲ್ಲ ಎಂದು ಮ್ಯಾನೇಜರು ಎಂಜಿನ್ ಡ್ರೈವರನ ಹತ್ತಿರ ಹೇಳಿದರಂತೆ.

೨. ಗುದ್ದಲಿ ಬಡಿಯೋನು

ಮಾತು ಊರಿನ ಕಮ್ಮಾರನ ಕಿವಿಗೆ ಬಿತ್ತು. ಮಾರನೆಯ ಬೆಳಿಗ್ಗೆಯೇ ಬಂದ.

"ನನ್ನ ಕೈಲಾಗಲ್ಲ ಅಂದ್ಯಂತೆ? ಮೂವತ್ತು ವರ್ಸದಿಂದ ಕಬ್ಬುಣ ಬಡೀತಿವ್ನಿ ಕಣ್ಲಾ. ನಡಿ, ಮೇನೇಜರ ಮುಂದೇನೇ ಬಡ್ದು ತೋರುಸ್ತೀನಿ."

ಅವನನ್ನು ಮರದ ಹೊಟ್ಟಿನ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೆಂಡತಿಯನ್ನು ನೋಡಿ ನಾಲ್ಕು ತಿಂಗಳಾಯಿತು; ನೆನೆಸಿಕೊಳ್ಳಲು ಹೋದರೆ ಮೂಗುಬೊಟ್ಟು ಮಾತ್ರ ಕಣ್ಣಿಗೆ ಬರುತ್ತದೆ, ಮುಖ ಬರುವುದಿಲ್ಲ ಎಂದೆ.

ಅವನು ತಲೆಯ ವಸ್ತ್ರ ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. ನೆಟ್ಟಗೆ ಮ್ಯಾನೇಜರ ಮುಂದೆ ಹೋಗಿ ನಿಂತು, "ಅದು ನನ್ನ ಕೈಲಾಗೋ ಕೆಲ್ಸ ಅಲ್ಲ ಬುದ್ದಿ. ನರಸೀಪುರಕ್ಕೇ ಕಳ್ಸಿ" ಎಂದ.

ಮ್ಯಾನೇಜರು ಅದನ್ನು ಪೂರ್ತಿ ನಂಬಿಬಿಟ್ಟರು. ಅವತ್ತಿನಿಂದ ಮಿಲ್ಲಿನ ಗಾಡಿಗಳ ಗಾಲಿಗೆ ಕಬ್ಬಿಣದ ಪಟ್ಟಾ ಹಾಕುವ ಕೆಲಸವನ್ನೂ ಅವನಿಗೆ ಕೊಡಲಿಲ್ಲ. ಎದುರು ಸಿಕ್ಕಾಗಲೆಲ್ಲ ಅವನು, "ನಿನ್ನ ಎಂಡ್ರ ಮ್ಯಾಲಿನ ಆಸೆ ನನ್ನ ಒಟ್ಟೆ ಮ್ಯಾಲೆ ಒಡೀತು ಕಣ್ಲಾ" ಎನ್ನುತ್ತಿದ್ದ.

೩. ಕಾಣೆಯಾದ ಸುತ್ತಿಗೆ

ಚಕ್ರವನ್ನು ಹುಲ್ಲಿನಲ್ಲಿ ಸುತ್ತಿ ಗಾಡಿಗೆ ಹಾಕಿಕೊಂಡು ಸಂಜೆಗೆ ನರಸೀಪುರ ಸೇರಿದೆ. ಹೆಂಡತಿ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ ಚಕ್ರವನ್ನೇ ನೋಡುತ್ತ, "ತುಂಬ ಕೆಟ್ಟಿದೆಯಾ?" ಎಂದಳು.

"ತುಂಬಾನೇ."

"ಎಷ್ಟು ದಿನ ಆಗಬಹುದು?"

"ನಿಮ್ಮಪ್ಪನ್ನ ಕೇಳಬೇಕು."

ಮಾವ ತಗಡಿನ ಮೇಲೆ ಕೈಯಾಡಿಸಿ, "ಇದೇನು ಮಹಾ. ನಾಳೆ ಮದ್ಯಾನಕ್ಕೇ ಮುಗಿಸ್ಕೊಡ್ತೀನಿ ಅಳಿಯಂದ್ರೆ. ಉಂಡ್ಕಂಡು ಒಂಟೋಗ್ಬೌದು" ಎಂದರು. ಅವರ ಕೈಚಳಕದ ಮೇಲೆ ಅವರಿಗೆ ಬಲು ಹೆಮ್ಮೆ.

ಬೆಳಿಗ್ಗೆ ನೋಡಿದರೆ ತಗಡು ಬಡಿಯುವ ಸಣ್ಣ ಸುತ್ತಿಗೆ ಇಲ್ಲ. ಮನೆಯೆಲ್ಲ ಹುಡುಕಿದ್ದಾಯಿತು. ಎಲ್ಲರಿಗಿಂತ ಹೆಚ್ಚು ಹುಡುಕಿದವಳು ನನ್ನ ಹೆಂಡತಿ. ಮೂರು ದಿನ ಸುತ್ತಿಗೆ ಸಿಗಲಿಲ್ಲ. ನಾವಿಬ್ಬರೂ ಹೊಳೆಯ ಮೆಟ್ಟಿಲವರೆಗೂ ಹೋಗಿ ಹುಡುಕಿದೆವು. ಅಲ್ಲಿ ಕೂತು ಎರಡು ಹೊಳೆಯ ನೀರು ಒಂದಾಗುವುದನ್ನು ನೋಡುತ್ತ ಬಹಳ ಹೊತ್ತು ಹುಡುಕಿದೆವು.

ಸುತ್ತಿಗೆ ಇದ್ದದ್ದು ರಾಗಿ ಗುಡಾಣದಲ್ಲಿ. ಎರಡನೆಯ ದಿನ ರಾಗಿ ತೆಗೆಯಲು ಹೋದ ಅತ್ತೆಯ ಕೈಗೆ ಅದು ತಗುಲಿತು. ಮಗಳ ಮುಖ ನೋಡಿದರು, ಗುಡಾಣಕ್ಕೆ ಮತ್ತೆ ಮುಚ್ಚಳ ಹಾಕಿದರು. ಮಧ್ಯಾಹ್ನ ಎಲೆಗೆ ಅನ್ನ ಬಿದ್ದಾಗ ಮಾವ, "ಮುದ್ದೆ ಎಲ್ಲಿ?" ಎಂದರು.

"ಅಳಿಯಂದ್ರು ಬಂದವ್ರೆ. ಮುದ್ದೆ ಇಕ್ಕಾದಾ?" ಎಂದರು ಅತ್ತೆ.

೪. ಹೋಳಿಗೆ

ಹೀಗೆ ಎರಡು ವರ್ಷದಲ್ಲಿ ನಾಲ್ಕು ಸಲ ನರಸೀಪುರಕ್ಕೆ ಹೋಗಿಬಂದೆ. ಪ್ರತಿ ಸಲವೂ ಸವೆದ ಹಲ್ಲು ಕತ್ತರಿಸಿ ಹೊಸ ಹಲ್ಲು ತೆಗೆಯಬೇಕು, ಹಾಗಾಗಿ ಚಕ್ರ ಚಿಕ್ಕದಾಗುತ್ತ ಬಂತು. ದಪ್ಪ ದಿಮ್ಮಿಯನ್ನು ಅರ್ಧ ಕೊಯ್ದು, ಮಗುಚಿ ಹಾಕಿ, ಇನ್ನರ್ಧ ಕೊಯ್ಯಬೇಕಾಯಿತು.

"ಇದು ಗರಗಸವೋ ಹೋಳಿಗೆಯೋ?" ಎಂದರು ಮ್ಯಾನೇಜರು. "ನೀನೇ ಹೇಳಯ್ಯ. ನರಸೀಪುರದ ಸಾಣೆಯೋ, ಹೊಸದೋ?"

ಚಕ್ರವನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಂದು ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಸೀಳು. ನನ್ನೊಬ್ಬನಿಗೇ ಕಂಡದ್ದು. ಸಾಣೆ ಎಂದರೆ ನಾಳೆ ಸಂಜೆ ಅವಳ ಮುಂದೆ ಇರುತ್ತಿದ್ದೆ. ಆದರೆ ವಾಪಸು ತಂದು ಹಾಕಿದ ಮೇಲೆ, ತಿರುಗುವ ಚಕ್ರ ಒಡೆದು ಚೂರು ಹಾರಿದರೆ? ಎದುರಿಗೆ ದಿಮ್ಮಿ ನೂಕುವವರಿಬ್ಬರೂ ಮಕ್ಕಳೊಂದಿಗರು.

"ಹೊಸದೇ ತರಿಸಿ ಸ್ವಾಮಿ" ಎಂದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಮ್ಯಾನೇಜರು ಗಾಬರಿಯಾದರು. "ಯಾಕಯ್ಯ ಅಳ್ತೀಯ? ಹೋದದ್ದು ಗರಗಸ ತಾನೆ?"

೫. ಮನೆಯವರು

ಆಗ ಎಲ್ಲವನ್ನೂ ಹೇಳಿದೆ. ಮ್ಯಾನೇಜರು ಬೈಯಲಿಲ್ಲ. ಕಮ್ಮಾರನನ್ನು ಕರೆಸಿ ಅವನ ಕೆಲಸ ಅವನಿಗೆ ಕೊಟ್ಟರು. ಉಗ್ರಾಣದ ಪಕ್ಕದ ಕೋಣೆ ಖಾಲಿ ಮಾಡಿಸಿದರು. ನನ್ನ ಮಾವನಿಗೆ ತಾವೇ ಕಾಗದ ಬರೆದರು: "ಮಿಲ್ಲಿನಲ್ಲಿ ವಾಸಕ್ಕೆ ಕೋಣೆ ಸಿದ್ಧವಾಗಿದೆ. ಮನೆಯವರನ್ನು ಕೂಡಲೆ ಕಳಿಸತಕ್ಕದ್ದು."

ನಾನು ಕೋಣೆಗೆ ಸುಣ್ಣ ಬಳಿದೆ. ಹೊಸ ಚಾಪೆ ತಂದೆ. ಮೂರು ಮೊಳ ಮಲ್ಲಿಗೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಬೆಳಗಿನಿಂದ ರಸ್ತೆಯನ್ನೇ ನೋಡುತ್ತಿದ್ದೆ. ಸಂಜೆಗೆ ಗಾಡಿ ಬಂದು ನಿಂತಿತು. ಮೊದಲು ಕುಲುಮೆಯ ಗಾಳಿ ಊದುವ ತಿದಿ ಇಳಿಯಿತು. ಆಮೇಲೆ ಕಬ್ಬಿಣ ಬಡಿಯುವ ಅಡಿಗಲ್ಲು. ಅದರ ಹಿಂದೆ ಮಾವ.

"ಮನೆಯೋರು ಬೇಕು ಅಂತ ಬರ್ದಿದ್ರಂತಲ್ಲ. ನಮ್ಮನೇಲಿ ಚಕ್ರ ಬಡಿಯೋನು ನಾನೊಬ್ನೇ ತಾನೆ?" ಎನ್ನುತ್ತ ಒಳಗೆ ಬಂದರು. ಸುಣ್ಣದ ಗೋಡೆ ನೋಡಿದರು, ಚಾಪೆ ನೋಡಿದರು, ಬಟ್ಟೆ ಬಿಚ್ಚಿ ಮಲ್ಲಿಗೆಯನ್ನೂ ನೋಡಿದರು. "ಇಷ್ಟೆಲ್ಲ ಯಾಕ್ ಮಾಡಕ್ಕೋದ್ರಿ ಅಳಿಯಂದ್ರೆ" ಎಂದು ಹೂವನ್ನು ಅಡಿಗಲ್ಲಿಗೆ ಮುಡಿಸಿ ಕೈಮುಗಿದರು. ಅಷ್ಟು ಸಂತೋಷಪಟ್ಟವರಿಗೆ ನಿಜ ಹೇಳಲು ನನಗೆ ಹದಿನೈದು ದಿನ ಹಿಡಿಯಿತು.

ಕೇಳಿದವರೇ ಗಾಡಿ ಕಟ್ಟಿಸಿ ಊರಿಗೆ ಹೋದರು. ನಾಲ್ಕನೆಯ ದಿನ ಮತ್ತೊಂದು ಗಾಡಿ ಬಂತು. ಈ ಸಲ ಇಳಿದವಳು ಅವಳೇ. ಕೋಣೆಯನ್ನು ಒಂದು ಸುತ್ತು ನೋಡಿ, ತಲೆ ಬಗ್ಗಿಸಿಕೊಂಡು, "ಅಪ್ಪನಿಗೆ ಮೂರು ಮೊಳ ಮಲ್ಲಿಗೆ ತಂದಿದ್ರಂತೆ. ನನಗೆ?" ಎಂದಳು.

"ಗಾಡಿಯಿಂದ ಯಾರು ಇಳೀತಾರೋ ನೋಡ್ಕೊಂಡು ತರೋಣ ಅಂತಿದ್ದೆ" ಎಂದೆ.