ಓಡಿ ಬಂದವಳ ರಕ್ತ ತಮಗೆ ಹಿಡಿಸದ ಬಗ್ಗೆ

ರಾಯದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಲ್ಯಾಬಿನಲ್ಲಿ ಎ.ಸಿ. ಗಾಳಿಯಲ್ಲಿ ವಿರಾಜಮಾನರಾಗಿರುವ ರಕ್ತಪರೀಕ್ಷೆಯ ಯಂತ್ರದವರಿಗೆ,

ಮಾನ್ಯರೇ,

ತಾವು, ತಮ್ಮ ವೈರು ಮತ್ತು ತಮ್ಮ ಸ್ಟೆಬಿಲೈಸರು ಕ್ಷೇಮವೆಂದು ನಂಬಿ ಕಣೇಕಲ್ಲಿನ ಕುರಿಗಾರ ಉಜ್ಜಿನಪ್ಪ ಮಾಡುವ ವಂದನೆಗಳು. ಊರೆಲ್ಲ ಬೆವರುವಾಗ ತಾವೊಬ್ಬರೇ ತಣ್ಣಗೆ ಕೂತು ನಮ್ಮ ಒಳಗಿನ ಸಂಗತಿ ಹೇಳುವುದು ಸಾಮಾನ್ಯ ಯೋಗ್ಯತೆಯಲ್ಲ.

ನನ್ನ ಮಗಳು ಮಂಜುಳ ಐದು ಸಾವಿರ ಮೀಟರ್ ಓಡುವವಳು. ಕ್ರೀಡಾ ಹಾಸ್ಟೆಲಿಗೆ ಆರಿಸುವ ಓಟದಲ್ಲಿ ನಿಲ್ಲಬೇಕಾದರೆ ರಕ್ತ ಸರಿಯಿದೆ ಎಂಬ ತಮ್ಮ ಕಾಗದ ಬೇಕೇ ಬೇಕೆಂದರು. ಮೊದಲ ತಪ್ಪು ನನ್ನದೇ. ಸಂತೆಯಲ್ಲಿ ಟಗರನ್ನು ನಾಲ್ಕು ಸುತ್ತು ಓಡಿಸಿ, ಮೈ ಬಿಸಿಯಾದ ಮೇಲೆ ಗಿರಾಕಿಯ ಮುಂದೆ ನಿಲ್ಲಿಸುವುದು ನಮ್ಮ ಮನೆತನದ ಪದ್ಧತಿಯಾದ್ದರಿಂದ, ರಕ್ತಕ್ಕೂ ಅದೇ ಮರ್ಯಾದೆ ಸಲ್ಲಬೇಕೆಂದು ಬಸ್ಸಿಳಿದ ಮಗಳನ್ನು ಲ್ಯಾಬಿನ ಸುತ್ತ ಹದಿನೈದು ಸುತ್ತು ಓಡಿಸಿ, ಏದುಸಿರು ನಿಲ್ಲುವ ಮುಂಚೆಯೇ ತಮ್ಮ ಸೂಜಿಗೆ ಒಪ್ಪಿಸಿದೆ. "ಅಪ್ಪಾ, ಒಂದೀಟು ಕುಂದ್ರಾಕ ಬಿಡು, ರಕ್ತ ಎಲ್ಲೂ ಹೋಗಂಗಿಲ್ಲ" ಎಂದಳು. ನಾನು ಕೇಳಲಿಲ್ಲ.

ಬಿಳಿ ಕಣ ಹೆಚ್ಚು, ಸ್ನಾಯುವಿನ ಎಂಜೈಮ್ ಐದು ಪಟ್ಟು ಹೆಚ್ಚು ಎಂದು ತಾವು ಕೆಂಪಕ್ಷರದಲ್ಲಿ ಅಪ್ಪಣೆ ಕೊಡಿಸಿದಿರಿ. ಹೆದರಿ ಮರುದಿನ ಸಂಜೆ ಬಂದರೆ ಬಿಳಿ ಕಣ ಇಳಿದು, ಎಂಜೈಮ್ ಇನ್ನೂ ಏರಿ, ಕಬ್ಬಿಣದ ಅಂಶ ತಗ್ಗಿತ್ತು. ಓಬಳಾಪುರದ ಕಬ್ಬಿಣದ ಗಣಿ ಧೂಳಿನಲ್ಲಿ ಆಡಿ ಬೆಳೆದ ನನ್ನ ಹೆಂಡತಿ ಓಬಮ್ಮನ ಮಗಳಿಗೆ ಕಬ್ಬಿಣ ಸಾಲದೆಂದು ಬರೆದ ತಮ್ಮ ಎದೆಗಾರಿಕೆಗೆ ಓಬಮ್ಮ ಕೂಡ ತಲೆದೂಗಿದಳು.

ತಮ್ಮ ಸೇವೆಯಲ್ಲಿರುವ ಚಂದ್ರಮೋಹನ್ ಮಾತ್ರ ನಿಜ ಹೇಳಿದರು: "ಓಡೋರ ರಕ್ತ ಹಿಂಗ ಏರಿಳೀತೈತ್ರಿ, ಮುಂಜಾನೆಗೊಂದು ಸಂಜಿಗೊಂದು. ರೋಗ ಅಲ್ರಿ. ಆದ್ರ ಓಡ್ಯಾಳ ಅಂತ ಬರಿಯಾಕ ಫಾರಂನಾಗ ಜಾಗ ಇಲ್ರಿ." ಊಟ ಆಗಿದೆಯೇ ಎಂದು ಕೇಳುವ ತಾವು ಓಟ ಆಗಿದೆಯೇ ಎಂದು ಕೇಳದಿರುವುದು ತಮ್ಮ ದೊಡ್ಡಸ್ತಿಕೆ. ಕೊನೆಗೆ ಐದು ದಿನ ಅಲುಗಾಡದಂತೆ ಮಲಗಿಸಿ ಬೆಳಿಗ್ಗೆ ಕರೆತನ್ನಿ ಎಂದಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ತಾವೊಮ್ಮೆ ಕಣೇಕಲ್ಲು ಕೆರೆಯ ಏರಿಯ ಮೇಲೆ ಮಂಜುಳಳ ಜೊತೆ ಓಡಿ, ಆಮೇಲೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬೇಕು. ಅಷ್ಟುದ್ದದ ವೈರನ್ನು ನಾನು ಹೊತ್ತು ತರುತ್ತೇನೆ. ಅದಾಗದಿದ್ದರೆ ರಕ್ತ ಸಂಜೆಗೆ ಬದಲಾಗದ ಹಾಗೆ ಸೂರ್ಯ ಬೆಳಗಿನ ಎಂಟು ಗಂಟೆಗೇ ನಿಲ್ಲುವಂತೆ ಒಂದು ವರದಿ ಕಳಿಸಿ, ತಮ್ಮ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಇಷ್ಟು ಬರೆದರೂ ನನ್ನ ಸಿಟ್ಟು ಇಳಿದಿಲ್ಲ. ಕಾಲು ಸುಮ್ಮನಿರದ ಹುಡುಗಿ ಐದು ದಿನ ಚಾಪೆಯ ಮೇಲೆ ಸೂರು ನೋಡುತ್ತಾ ಮಲಗಿದ್ದಳು.

ತಮ್ಮ ಸೂಜಿಗೆ ಮಗಳ ತೋಳೊಡ್ಡಿಸಿದ,
ತಮ್ಮ ವಿಶ್ವಾಸಿ,
ಉಜ್ಜಿನಪ್ಪ

ವಿ.ಸೂ.: ಎಲ್ಲವೂ ಸರಿಯಿದೆ ಎಂಬ ತಮ್ಮ ಕಾಗದ ಇಂದು ತಲುಪಿತು, ಸಂತೋಷ. ಆಯ್ಕೆಯ ಓಟ ಅವಳು ಮಲಗಿದ್ದ ಮೂರನೆಯ ದಿನವೇ ಮುಗಿದುಹೋಯಿತು. ಮಲಗುವುದಕ್ಕೆ ಎಲ್ಲಾದರೂ ಆಯ್ಕೆ ನಡೆದರೆ ದಯವಿಟ್ಟು ತಿಳಿಸಿ, ಮಂಜುಳಳ ಬಳಿ ತಮ್ಮ ಸರ್ಟಿಫಿಕೇಟ್ ಇದೆ.